ಕತ್ತಲ ಬಚ್ಚಲುಮನೆಯಿಂದ ಹೊರಟ ಹಾಡು!

ನ್ಯೂಯಾರ್ಕ್ ಅಂದ ಕೂಡಲೆ ನಮ್ಮ ಹುಡುಗರ ಕಣ್ಣ ಮುಂದೆ ಬರೋದು ಮುಗಿಲು ಮುಟ್ಟುವ ಕಟ್ಟಡಗಳು, ಹಳದಿ ಟ್ಯಾಕ್ಸಿಗಳು, ಝಗಮಗಿಸುವ ದೀಪಗಳು. ಆದರೆ ಇವತ್ತು ನಾವು ಹೊರಟಿರೋದು ಆ ಥಳಕಿನ ಕಡೆಗಲ್ಲ. ನದಿಯ ಆಚೆಗಿರುವ ಕ್ವೀನ್ಸ್ ಎಂಬ ಭಾಗಕ್ಕೆ, ಅಲ್ಲಿನ ಕ್ಯೂ ಗಾರ್ಡನ್ಸ್ ಹಿಲ್ಸ್ ಬಡಾವಣೆಗೆ. ಸಾಲು ಸಾಲು ಇಟ್ಟಿಗೆ ಮನೆಗಳು, ಸಂಸಾರವಂದಿಗರ ವಾಸ. ಸುರಂಗ ರೈಲಿನ ನಿಲ್ದಾಣ ಕೂಡ ಇಲ್ಲಿಲ್ಲ, ರೈಲು ಹಿಡಿಯಬೇಕಾದರೆ ಮೊದಲು ಬಸ್ಸು ಹತ್ತಬೇಕು!

ಇಂಥ ಕಡೆ ನೋಡೋಕೆ ಏನಿದೆ ಅಂತೀರಾ? ನೋಡೋಕಲ್ಲ ಸ್ವಾಮಿ, ಕೇಳೋಕೆ ಇದೆ. ಇಲ್ಲಿನ ಒಂದು ಮನೆಯ ಬಚ್ಚಲುಮನೆಯಲ್ಲಿ, ದೀಪ ಆರಿಸಿದ ಕತ್ತಲಲ್ಲಿ ರೂಪುಗೊಂಡ ಹಾಡೊಂದು ಅರವತ್ತು ವರ್ಷ ದಾಟಿದರೂ ಮುದಿಯಾಗಿಲ್ಲ. ಅದರ ಹೆಸರು ‘ದಿ ಸೌಂಡ್ ಆಫ್ ಸೈಲೆನ್ಸ್’. ಅಂದರೆ ಮೌನದ ಸದ್ದು!

ಮೊಲ ಮತ್ತು ಬೆಕ್ಕು

ಪಾಲ್ ಸೈಮನ್, ಆರ್ಟ್ ಗಾರ್ಫಂಕಲ್ ಇಬ್ಬರೂ 1941ರಲ್ಲಿ ಹುಟ್ಟಿದವರು. ಮನೆಗಳಿಗೆ ಮೂರು ಬೀದಿಯ ಅಂತರ. ಸ್ನೇಹ ಬೆಳೆದದ್ದು 1953ರಲ್ಲಿ, ಶಾಲೆಯ ‘ಆಲಿಸ್’ ನಾಟಕದಲ್ಲಿ. ಸೈಮನ್‌ಗೆ ಬಿಳಿ ಮೊಲದ ಪಾತ್ರ, ಗಾರ್ಫಂಕಲ್‌ಗೆ ಬೆಕ್ಕಿನ ಪಾತ್ರ. ‘ಟಾಮ್ ಅಂಡ್ ಜೆರ್ರಿ’ ಎಂಬ ಹೆಸರಿಟ್ಟುಕೊಂಡು 1957ರಲ್ಲಿ ಒಂದು ರೆಕಾರ್ಡನ್ನೂ ಮಾಡಿದರು. ಅದು ಅಮೆರಿಕದ ಪಟ್ಟಿಯಲ್ಲಿ 49ನೇ ಸ್ಥಾನಕ್ಕೆ ಏರಿತು. ಹದಿನಾರರ ಹುಡುಗರು ಟಿವಿಯಲ್ಲೂ ಕಾಣಿಸಿಕೊಂಡರು. ಆಮೇಲೆ? ಮಾಡಿದ ರೆಕಾರ್ಡುಗಳೆಲ್ಲ ತೋಪು. ಕೇಳುವವರೇ ಇಲ್ಲ!

ಇಪ್ಪತ್ತು ದಾಟಿದ ಸೈಮನ್ ಗಿಟಾರ್ ಹಿಡಿದು ಬಚ್ಚಲುಮನೆ ಸೇರುತ್ತಿದ್ದ. ಗೋಡೆಗೆಲ್ಲ ಟೈಲ್ಸ್, ಸದ್ದು ಮರಳಿ ಮರಳಿ ಕಿವಿಗೆ ಬರುತ್ತಿತ್ತು. ನಲ್ಲಿ ತಿರುಗಿಸಿ ನೀರು ಬಿಡುತ್ತಿದ್ದ, ದೀಪ ಆರಿಸುತ್ತಿದ್ದ, ನುಡಿಸುತ್ತಾ ಕೂರುತ್ತಿದ್ದ. ಸ್ನಾನ ಮಾಡುತ್ತಾ ಹಾಡುವಾಗ ನಾವೆಲ್ಲ ಪಿ.ಬಿ. ಶ್ರೀನಿವಾಸ್ ಆಗಿಬಿಡೋದಿಲ್ಲವೇ? ಅದೇ ಟೆಕ್ನಿಕ್ಕು! ಆ ಕತ್ತಲನ್ನೇ ಮಾತಾಡಿಸುವಂತೆ ಶುರುವಾಯಿತು ಹಾಡು. ಮನುಷ್ಯ ಮನುಷ್ಯನಿಗೆ ತನ್ನ ಮನಸ್ಸನ್ನು ಮುಟ್ಟಿಸಲಾರದ ಸಂಕಟ ಇದು ಅಂತ ಗಾರ್ಫಂಕಲ್ ಮುಂದೆ ವೇದಿಕೆಯ ಮೇಲೆ ವಿವರಿಸಿದ್ದುಂಟು.

‘ಇ’ ರೈಲು ಹತ್ತೋಣ

ಬನ್ನಿ, ಬಸ್ಸಿನಲ್ಲಿ ಫಾರೆಸ್ಟ್ ಹಿಲ್ಸ್ ನಿಲ್ದಾಣಕ್ಕೆ ಹೋಗಿ ‘ಇ’ ರೈಲು ಹಿಡಿಯೋಣ. ನದಿಯ ಅಡಿಯಿಂದ ನುಗ್ಗಿ ಮ್ಯಾನ್‌ಹಟನ್ ಸೇರುತ್ತದೆ ಈ ರೈಲು. ಫಿಫ್ತ್ ಅವೆನ್ಯೂ, 53ನೇ ಬೀದಿಯ ನಿಲ್ದಾಣ ಬಂತು. ಗೆಳೆಯರಿಬ್ಬರ ಮೊದಲ ಎಲ್.ಪಿ. ರೆಕಾರ್ಡಿನ ಹೊದಿಕೆಯ ಚಿತ್ರ ತೆಗೆದದ್ದು ಇದೇ ಪ್ಲಾಟ್‌ಫಾರಂ ಮೇಲೆ. ಆ ರೆಕಾರ್ಡು ಹೊರಬಂದದ್ದು 1964ರ ಅಕ್ಟೋಬರ್‌ನಲ್ಲಿ, ನಮ್ಮ ಹಾಡೂ ಅದರಲ್ಲೇ ಇತ್ತು. ಆಗ ಅದು ಗಿಟಾರಿನ ಮೆಲುದನಿಯ ಮೇಲೆ ಎರಡು ಕಂಠಗಳ ಫೋಕ್ ಹಾಡು. ಫಲಿತಾಂಶ? ಡಬ್ಬಾ! ಅಂಗಡಿಯಲ್ಲಿ ಧೂಳು ತಿಂದಿತು. ಸೈಮನ್ ಇಂಗ್ಲೆಂಡಿಗೆ ಹೋಗಿ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡಿಕೊಂಡಿದ್ದ. ಗಾರ್ಫಂಕಲ್ ಯೂನಿವರ್ಸಿಟಿಯ ಪುಸ್ತಕಗಳಿಗೆ ಮರಳಿದ. ಜೋಡಿ ಮುರಿದಂತೆಯೇ.

ಅದೇ ರೈಲಿನ ಮುಂದಿನ ನಿಲ್ದಾಣ ಸೆವೆಂತ್ ಅವೆನ್ಯೂ. ಕೊಲಂಬಿಯಾ ಕಂಪನಿಯ ಸ್ಟುಡಿಯೋ ಆ ಕಾಲಕ್ಕೆ ಇದ್ದದ್ದು ಇಲ್ಲೇ ಸಮೀಪ. ಹಾಡಿನ ಹಣೆಬರಹ ಬದಲಾದದ್ದು ಆ ಕಂಪನಿಯ ಕೈಯಲ್ಲಿ. 1965ರಲ್ಲಿ ಬಾಸ್ಟನ್ನಿನ ರೇಡಿಯೋದಲ್ಲಿ, ಫ್ಲಾರಿಡಾದ ಊರುಗಳಲ್ಲಿ ಕಾಲೇಜು ಹುಡುಗರು ಈ ಹಾಡನ್ನು ಕೇಳಿ ಕೇಳಿ ಹಾಕಿಸುತ್ತಿದ್ದಾರೆ ಅನ್ನೋ ಸುದ್ದಿ ಬಂತು. ಅದೇ ವರ್ಷ ‘ದಿ ಬರ್ಡ್ಸ್’ ತಂಡ ಬಾಬ್ ಡಿಲನ್‌ನ ಫೋಕ್ ಹಾಡಿಗೆ ವಿದ್ಯುತ್ ಗಿಟಾರ್ ಸೇರಿಸಿ ನಂಬರ್ ಒನ್ ಆಗಿತ್ತು. ಫೋಕ್-ರಾಕ್ ಎಂಬ ಹೊಸ ಗಾಳಿ! ನಿರ್ಮಾಪಕ ಟಾಮ್ ವಿಲ್ಸನ್ ತಡಮಾಡಲಿಲ್ಲ. ಆಲ್ ಗೋರ್ಗೋನಿ ಮುಂತಾದ ಗಿಟಾರ್ ವಾದಕರನ್ನೂ ಡ್ರಮ್ಸ್‌ಗೆ ಬಾಬಿ ಗ್ರೆಗ್‌ರನ್ನೂ ಕರೆಸಿ, ಹಳೆಯ ಟೇಪಿನ ಮೇಲೆಯೇ ಹೊಸ ವಾದ್ಯಗಳನ್ನು ನುಡಿಸಿಬಿಟ್ಟ. ಹಾಡಿದವರ ಲಯ ಒಂದೇ ಸಮನಾಗಿರಲಿಲ್ಲ, ವಾದ್ಯದವರು ಅದರ ಹಿಂದೆ ಹಿಂದೆ ನಡೆಯಬೇಕಾಯಿತು.

ತಮಾಷೆ ಏನು ಗೊತ್ತೇ? ಹಾಡಿದ ಇಬ್ಬರಿಗೂ ಒಂದು ಮಾತು ಹೇಳಲಿಲ್ಲ! ಮನುಷ್ಯರ ನಡುವೆ ಮಾತು ಸತ್ತುಹೋಗಿದೆ ಅನ್ನುವ ಹಾಡನ್ನೇ, ಅದರ ಒಡೆಯರೊಡನೆ ಮಾತೇ ಆಡದೆ ಬದಲಾಯಿಸಿದರು. ಇದಕ್ಕಿಂತ ವ್ಯಂಗ್ಯ ಬೇಕೇ?

ಆದರೆ ಏಟು ಸರಿಯಾಗಿ ಬಿತ್ತು. 1966ರ ಜನವರಿ 1ರ ಪಟ್ಟಿಯಲ್ಲಿ ಹಾಡು ಇಡೀ ಅಮೆರಿಕಕ್ಕೆ ನಂಬರ್ ಒನ್! ಆಗ ಇಬ್ಬರೂ ಕ್ವೀನ್ಸ್‌ನ ಅಪ್ಪ-ಅಮ್ಮನ ಮನೆಯಲ್ಲೇ ಇದ್ದರು. ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದಾಗ ರೇಡಿಯೋ ಈ ಸುದ್ದಿ ಹೇಳಿತಂತೆ. ಆ ಸೈಮನ್, ಗಾರ್ಫಂಕಲ್ ಈಗ ಎಷ್ಟು ಮಜವಾಗಿರಬಹುದು ಅಂತ ಗಾರ್ಫಂಕಲ್ ಯಾರೋ ಬೇರೆಯವರ ಬಗ್ಗೆ ಮಾತಾಡಿದ ಹಾಗೆ ಅಂದನಂತೆ! ಸೈಮನ್ನೇ ಮುಂದೆ ಹೇಳಿಕೊಂಡ ಕಥೆ ಇದು. ಗೆಲುವು ಮನೆ ಬಾಗಿಲಿಗೆ ಬಂದಾಗಲೂ ಒಂಟಿತನ ಎದ್ದುಹೋಗೋದಿಲ್ಲ ನೋಡಿ.

ಬೆಳ್ಳಿತೆರೆಯ ಮೇಲೆ

ಈಗ ರೈಲಿಳಿದು ವಿಮಾನ ಹತ್ತಬೇಕು. ಹಾಡು ಹೊರಟದ್ದು ಲಾಸ್ ಏಂಜಲೀಸ್‌ಗೆ, ಸಿನಿಮಾಕ್ಕೆ! ನಿರ್ದೇಶಕ ಮೈಕ್ ನಿಕೋಲ್ಸ್ ‘ದಿ ಗ್ರ್ಯಾಜುಯೇಟ್’ ಚಿತ್ರದ ಸಂಕಲನ ಮಾಡುವಾಗ ತಾತ್ಕಾಲಿಕವಾಗಿ ಈ ಹಳೇ ಹಾಡನ್ನು ಕೂಡಿಸಿ ನೋಡಿದ. ಸೈಮನ್ ಹೊಸ ಹಾಡುಗಳನ್ನು ತಂದುಕೊಟ್ಟರೂ ಇದರ ಜಾಗಕ್ಕೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ಹಳೆಯದೇ ಉಳಿಯಿತು. ನಮ್ಮಲ್ಲಿ ಸನ್ನಿವೇಶಕ್ಕೆ ಹಾಡು ಬರೆಸುತ್ತಾರೆ, ಇಲ್ಲಿ ಹಾಡೇ ಸನ್ನಿವೇಶವನ್ನು ಹಿಡಿದುಕೊಂಡಿತು!

ಡಿಗ್ರಿ ಮುಗಿಸಿ ಬಂದ ನಾಯಕ ಡಸ್ಟಿನ್ ಹಾಫ್‌ಮನ್ ವಿಮಾನ ನಿಲ್ದಾಣದ ಚಲಿಸುವ ಹಾದಿಯ ಮೇಲೆ ಸುಮ್ಮನೆ ನಿಂತಿದ್ದಾನೆ. ಕಾಲು ಅಲ್ಲಾಡುತ್ತಿಲ್ಲ, ಆದರೂ ಸಾಗುತ್ತಿದ್ದಾನೆ. ಹಿಂದೆ ಬಿಳಿ ಟೈಲ್ಸಿನ ಗೋಡೆ. ಆಗ ಶುರುವಾಗುತ್ತದೆ ಹಾಡು. ಕ್ವೀನ್ಸ್‌ನ ಬಚ್ಚಲುಮನೆಯ ಗೋಡೆ ಇಲ್ಲಿಗೆ ಬಂದು ನಿಂತಿದೆಯೇನೋ ಅನ್ನಿಸುತ್ತದೆ. ಓದು ಮುಗೀತು, ಮುಂದೇನು ಅಂತ ಕೇಳುವ ಸಂಬಂಧಿಕರ ನಡುವೆ ಬಾಯಿ ಕಟ್ಟಿ ನಿಂತ ಯಾವ ಹುಡುಗನಿಗೆ ಈ ದೃಶ್ಯ ಅರ್ಥವಾಗೋದಿಲ್ಲ ಹೇಳಿ?

ಕ್ಲೈಮ್ಯಾಕ್ಸ್ ಇನ್ನೂ ಭರ್ಜರಿ. ಚರ್ಚಿನಲ್ಲಿ ಮದುವೆಯಾಗುತ್ತಿದ್ದ ನಾಯಕಿ ಕ್ಯಾಥರೀನ್ ರಾಸ್‌ಳನ್ನು ಕರೆದುಕೊಂಡು ಓಡಿ ಬಂದು ಸಿಟಿ ಬಸ್ಸು ಹತ್ತುತ್ತಾನೆ. ಹಿಂದಿನ ಸೀಟು, ಇಬ್ಬರಿಗೂ ನಗುವೋ ನಗು. ನಮ್ಮ ಚಿತ್ರವಾಗಿದ್ದರೆ ಅಲ್ಲೇ ‘ಶುಭಂ’! ನಿಕೋಲ್ಸ್ ಮಾತ್ರ ಕ್ಯಾಮರಾ ನಿಲ್ಲಿಸಲಿಲ್ಲ. ನಗು ನಿಧಾನವಾಗಿ ಇಳಿಯುತ್ತದೆ. ಇಬ್ಬರೂ ಮುಂದಕ್ಕೆ ನೋಡುತ್ತಾರೆ, ಮಾತಿಲ್ಲ. ಮತ್ತೆ ಅದೇ ಹಾಡು. 1967ರ ಡಿಸೆಂಬರ್‌ನಲ್ಲಿ ತೆರೆಕಂಡ ಈ ಚಿತ್ರ ನಿಕೋಲ್ಸ್‌ಗೆ ಶ್ರೇಷ್ಠ ನಿರ್ದೇಶಕನ ಆಸ್ಕರ್ ತಂದಿತು.

ಕೊನೆಯ ನಿಲ್ದಾಣ

ವಾಪಸು ನ್ಯೂಯಾರ್ಕಿಗೆ. 1970ರಲ್ಲಿ ಬೇರೆಯಾದ ಗೆಳೆಯರು 1981ರ ಸೆಪ್ಟೆಂಬರ್ 19ರಂದು ಸೆಂಟ್ರಲ್ ಪಾರ್ಕಿನ ಹುಲ್ಲುಹಾಸಿನಲ್ಲಿ ಮತ್ತೆ ಒಂದಾಗಿ ಹಾಡಿದರು. ಟಿಕೆಟ್ಟಿಲ್ಲದ ಕಛೇರಿ, ಸುಮಾರು 5 ಲಕ್ಷ ಜನ! ಒಬ್ಬನೇ ಕತ್ತಲಲ್ಲಿ ಕೂತು ಕಟ್ಟಿದ ಹಾಡನ್ನು ಅಷ್ಟು ಜನ ಒಟ್ಟಿಗೆ ಕೇಳಿದರು. ನನಗೊಬ್ಬನಿಗೇ ಹೀಗೆ ಅಂತ ತಿಳಿದಿದ್ದ ಪ್ರತಿಯೊಬ್ಬನಿಗೂ ಪಕ್ಕದವನೂ ನನ್ನ ಹಾಗೆಯೇ ಅಂತ ತೋರಿಸಿಕೊಡುತ್ತದೆ. ಹಾಡು ಬಾಳಿದ ಗುಟ್ಟು ಇಷ್ಟೇ ಇರಬೇಕು.

ಮತ್ತೆ ‘ಇ’ ರೈಲು ಹತ್ತಿ ಕೊನೆತನಕ ಹೋಗಿ. ಕಡೆಯ ನಿಲ್ದಾಣದ ಹೆಸರು ವರ್ಲ್ಡ್ ಟ್ರೇಡ್ ಸೆಂಟರ್. ಅವಳಿ ಗೋಪುರಗಳು ಉರುಳಿ 10 ವರ್ಷವಾದ ದಿನ, 2011ರ ಸೆಪ್ಟೆಂಬರ್ 11ರಂದು, ಸತ್ತವರ ಬಂಧುಗಳ ಮುಂದೆ ಬಂದು ನಿಂತವನು ಅದೇ ಪಾಲ್ ಸೈಮನ್. ವಯಸ್ಸು 69. ಜೊತೆಗಾರ ಇಲ್ಲ, ಡ್ರಮ್ಸ್ ಇಲ್ಲ. ಒಂದು ಗಿಟಾರ್, ಒಂದು ದನಿ. ಯಾವ ಭಾಷಣವೂ ಸಾಲದ ಜಾಗದಲ್ಲಿ ಬಚ್ಚಲುಮನೆಯ ಆ ಹಾಡು ಸಾಕಾಯಿತು.

‘ಡಿಸ್ಟರ್ಬ್ಡ್’ ಎಂಬ ತಂಡ 2015ರಲ್ಲಿ ಗುಡುಗಿನ ದನಿಯಲ್ಲಿ ಇದನ್ನೇ ಹಾಡಿ ಇಂದಿನ ಹುಡುಗರನ್ನೂ ಗೆದ್ದಿತು. ಅದನ್ನೂ ಕೇಳಿ, 1964ರ ಮೂಲವನ್ನೂ ಕೇಳಿ, ಡ್ರಮ್ಸ್ ಸೇರಿದ ಹಿಟ್ಟನ್ನೂ ಕೇಳಿ, ಯಾವುದು ಹೆಚ್ಚು ಅಂತ ಗೆಳೆಯರ ಜೊತೆ ಜಗಳ ಆಡಿ. ಅಂದ ಹಾಗೆ, ‘ದಿ ಗ್ರ್ಯಾಜುಯೇಟ್’ ನೋಡುವ ಅವಕಾಶ ಸಿಕ್ಕರೆ ಒಂದು ಮಾತು ನೆನಪಿರಲಿ. ನಾಯಕ-ನಾಯಕಿ ಬಸ್ ಹತ್ತಿದರು, ಕಥೆ ಮುಗೀತು ಅಂತ ಎದ್ದು ಬೈಕ್ ಸ್ಟ್ಯಾಂಡಿಗೆ ಓಡಬೇಡಿ. ಕೂತಿರಿ!