ಸೊನ್ನೆಯಿಂದ ನೂರಕ್ಕೆ

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಹತ್ತಿರ ಹತ್ತು ನಿಮಿಷ ಮಾತಾಡಿ ನೋಡಿ. ಎಷ್ಟು ಹಾರ್ಸ್ ಪವರ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಎಕ್ಸಾಸ್ಟ್ ಹೇಗೆ ಗುಡುಗುತ್ತೆ, ಇಷ್ಟರಲ್ಲೇ ಮಾತು ಮುಗಿಯುತ್ತೆ. ಎಂಜಿನ್ನಿಗೆ ಕೂಲಂಟ್ ಹೊತ್ತು ತಿರುಗುವ ಪೈಪು ಯಾವುದರಿಂದ ಮಾಡಿದ್ದು ಅಂತ ಯಾರೂ ಹೇಳಲ್ಲ, ಯಾರೂ ಕೇಳೋದೂ ಇಲ್ಲ. ನಾನೀಗ ಮೊದಲು ಕೇಳೋದೇ ಅದನ್ನ.

ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಕೆಲಸ, ನಿಮ್ಮಲ್ಲಿ ಬಹಳ ಜನರದ್ದು ಇದ್ದ ಹಾಗೆ, ಸಾಫ್ಟ್‌ವೇರ್. ಮೂರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡೆ. 2014ರ ಮಾಡೆಲ್, ಎರಡೇ ಸೀಟು, ವಿ6 ಎಂಜಿನ್, ಅದರ ತಲೆ ಮೇಲೊಂದು ಸೂಪರ್‌ಚಾರ್ಜರ್. ಓಡಿದ್ದು ಬರೀ 31 ಸಾವಿರ ಮೈಲಿ. ಕಂಪನಿಯ ಹೆಸರು ಬೇಡ ಬಿಡಿ. ಪ್ಲಾಸ್ಟಿಕ್ ಕೂಲಂಟ್ ಪೈಪು ಒಂದೇ ಕಂಪನಿಯ ಕಥೆ ಅಲ್ಲ.

ವಿ6 ಅಂದ್ರೆ ಆ ಕಡೆ ಮೂರು ಸಿಲಿಂಡರ್, ಈ ಕಡೆ ಮೂರು, ನಡುವೆ ಒಂದು ಕಣಿವೆ. ನಮ್ಮ ಕಾರಿನಲ್ಲಿ ಕೂಲಂಟ್ ಪೈಪುಗಳು ಇದ್ದಿದ್ದು ಆ ಕಣಿವೆಯಲ್ಲಿ. ಮುಂದೊಂದು, ಹಿಂದೊಂದು. ಅದರ ಮೇಲೆ ಮುಚ್ಚಳದ ಥರ ಸೂಪರ್‌ಚಾರ್ಜರ್. ಅಂದ್ರೆ ಎಂಜಿನ್ನಿನಲ್ಲಿ ಅತಿ ಹೆಚ್ಚು ಬಿಸಿ ನಿಲ್ಲುವ ಜಾಗದಲ್ಲಿ, ಗಾಳಿ ಆಡದ ಕಡೆ, ಕೈ ಹೋಗದ ಕಡೆ ಪ್ಲಾಸ್ಟಿಕ್ ಕೂತಿದೆ.

ಪ್ಲಾಸ್ಟಿಕ್ ಅಂದ ತಕ್ಷಣ ಬಕೆಟ್ ನೆನಪಿಸಿಕೊಳ್ಳಬೇಡಿ. ಇಂಥ ಪೈಪುಗಳಿಗೆ ಸಾಮಾನ್ಯವಾಗಿ ಬಳಸೋದು ಗಾಜಿನ ಎಳೆ ಬೆರೆಸಿದ ನೈಲಾನ್. ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ, ವ್ಯಾಲೆಸ್ ಕ್ಯಾರದರ್ಸ್ ಅವರ ತಂಡದಿಂದ. ಗಟ್ಟಿ ವಸ್ತು, ಅನುಮಾನ ಇಲ್ಲ. ತೂಕ ಕಡಿಮೆ, ಖರ್ಚು ಕಡಿಮೆ, ಎಂಥ ಸೊಟ್ಟ ಆಕಾರ ಬೇಕಾದ್ರೂ ಅಚ್ಚಿನಲ್ಲಿ ಎರಕ ಹೊಯ್ಯಬಹುದು. ಒಳಗೆ ಟೊಳ್ಳು ಇರಬೇಕಾದ್ರೆ ಎರಡು ಹೋಳು ಮಾಡಿ ನಡುವೆ ಬೆಸುಗೆ ಹಾಕ್ತಾರೆ. ಆ ಬೆಸುಗೆಯ ಗೆರೆ ಇದೆಯಲ್ಲ, ಬಿರುಕು ಮೊದಲು ಬಿಡೋದು ಬಹಳ ಸಲ ಅಲ್ಲೇ.

ಬಿಸಿ ನೀರು, ಗ್ಲೈಕಾಲ್, ಒತ್ತಡ ಮೂರೂ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದ್ರೆ ನೈಲಾನಿನ ಉದ್ದನೆಯ ಸರಪಳಿಗಳು ಒಂದೊಂದಾಗಿ ತುಂಡಾಗ್ತಾ ಹೋಗ್ತವೆ. ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ. ಜೊತೆಗೆ, ಪ್ರತಿ ಸಲ ಕಾರು ಸ್ಟಾರ್ಟ್ ಮಾಡಿದಾಗಲೂ ಪೈಪು ಹಿಗ್ಗುತ್ತೆ, ಆಫ್ ಮಾಡಿ ತಣ್ಣಗಾದಾಗ ಕುಗ್ಗುತ್ತೆ. ಇಲ್ಲಿನ ಚಳಿಗಾಲದಲ್ಲಿ ಬೆಳಗ್ಗೆ ಹೊರಗೆ ಸೊನ್ನೆ ಡಿಗ್ರಿ, ಕಾಲು ಗಂಟೆ ಓಡಿಸಿದ್ರೆ ಕೂಲಂಟ್ ನೂರರ ಹತ್ತಿರ. ನಾವೆಲ್ಲ ಕೊಚ್ಚಿಕೊಳ್ಳೋ ಸೊನ್ನೆಯಿಂದ ನೂರು ಬೇರೆ, ಪೈಪು ದಿನಾ ಅನುಭವಿಸೋ ಸೊನ್ನೆಯಿಂದ ನೂರು ಬೇರೆ. ಆದ್ದರಿಂದ ಕಡಿಮೆ ಓಡಿದ ಕಾರು ಅಂತ ಖುಷಿಪಡೋದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ದಿನಾ ಎರಡು ಮೈಲಿ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದ ಕಾರಿನ ಪೈಪು, ಹೆದ್ದಾರಿಯಲ್ಲೇ ಓಡಿದ ಕಾರಿನ ಪೈಪಿಗಿಂತ ಬೇಗ ಮುದಿಯಾಗಬಹುದು.

ಕಳೆದ ಚಳಿಗಾಲದಲ್ಲಿ ಕೂಲಂಟ್ ಇಳಿಯೋಕೆ ಶುರುವಾಯ್ತು. ಭಾನುವಾರ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಎಕ್ಸ್‌ಪಾನ್ಷನ್ ಟ್ಯಾಂಕಿನ ಮೇಲೆ ಟೇಪು ಅಂಟಿಸಿ ಗೆರೆ ಎಳೆಯೋದು ನನ್ನ ಅಭ್ಯಾಸ. ಮೂರು ವಾರದಲ್ಲಿ ಗೆರೆ ಒಂದು ಬೆರಳಿನಷ್ಟು ಕೆಳಗೆ ಬಂತು. ಕಾರಿನ ಕೆಳಗೆ ಒಂದು ಹನಿಯೂ ಇಲ್ಲ. ಆದ್ರೆ ಓಡಿಸಿ ಬಂದು ನಿಲ್ಲಿಸಿದಾಗ ಬಾನೆಟ್ ಹತ್ತಿರ ಒಂಥರಾ ಸಿಹಿ ವಾಸನೆ. ಅದು ಗ್ಲೈಕಾಲ್ ವಾಸನೆ. ಸೋರಿದ್ದು ಕಣಿವೆಯಲ್ಲೇ ನಿಂತು, ಬಿಸಿಗೆ ಆವಿಯಾಗಿ ಹೋಗ್ತಿತ್ತು. ನೆಲಕ್ಕೆ ಬೀಳೋಕೆ ಉಳೀತಾ ಇರಲಿಲ್ಲ.

ಮೊದಲು ತೋರಿಸಿದ ವರ್ಕ್‌ಶಾಪಿನವರು ಟ್ಯಾಂಕಿಗೆ ಪಂಪು ಸಿಕ್ಕಿಸಿ ಪ್ರೆಷರ್ ಟೆಸ್ಟ್ ಮಾಡಿದ್ರು. ಹತ್ತು ನಿಮಿಷ ಮುಳ್ಳು ಅಲ್ಲಾಡಲಿಲ್ಲ. ‘ಏನೂ ಇಲ್ಲ, ಟಾಪ್ ಅಪ್ ಮಾಡಿದ್ದೀವಿ, ಸೋರಿದ್ರೆ ತಗೊಂಡು ಬನ್ನಿ’ ಅಂದ್ರು. ತಣ್ಣಗಿರುವ ಎಂಜಿನ್ನಿನಲ್ಲಿ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ಬಾಯಿ ಬಿಡುತ್ತೆ ಅನ್ನೋದನ್ನ ಹೇಳಿದ್ದು ಎರಡನೇ ಮೆಕ್ಯಾನಿಕ್. ಊರಾಚೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣ ಗ್ಯಾರೇಜು, ಅರವತ್ತು ದಾಟಿದ ಮನುಷ್ಯ. ಸಣ್ಣ ಕ್ಯಾಮೆರಾ ಇರುವ ವೈರನ್ನ ಸೂಪರ್‌ಚಾರ್ಜರ್ ಕೆಳಗೆ ತೂರಿಸಿ ಫೋನಿನಲ್ಲಿ ತೋರಿಸಿದ. ಮುಂದಿನ ಪೈಪಿನ ಬೆಸುಗೆ ಗೆರೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಪುಡಿ, ನಲ್ಲಿ ಬಾಯಿಗೆ ಉಪ್ಪು ಕಟ್ಟಿದ ಹಾಗೆ. ‘ಇವತ್ತೇ ಒಡೆಯುತ್ತೆ ಅಂತಲ್ಲ. ಆದ್ರೆ ದಿನ ಆರಿಸೋದು ನೀನಲ್ಲ, ಅದು’ ಅಂದ.

ಒಡೆದ್ರೆ ಏನಾಗುತ್ತೆ? ಅರ್ಧಕ್ಕರ್ಧ ನೀರು, ಗ್ಲೈಕಾಲ್ ಬೆರೆಸಿದ ಕೂಲಂಟ್ ಬರೀ ಗಾಳಿಯ ಒತ್ತಡದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತೆ. ಮುಚ್ಚಿದ ವ್ಯವಸ್ಥೆಯ ಒತ್ತಡ ಇದ್ರೆ 120 ದಾಟಿದ್ರೂ ಕುದಿಯಲ್ಲ. ಪೈಪು ಒಡೆದ ಕ್ಷಣ ಆ ಒತ್ತಡ ಹೋಯ್ತು, ಕೂಲಂಟೂ ಹೋಯ್ತು. ಆಮೇಲೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗೋಕೆ ಕೆಲವೇ ನಿಮಿಷ ಸಾಕು. ಇನ್ನೂ ಒಂದು ತಮಾಷೆ ಇದೆ. ಟೆಂಪರೇಚರ್ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಅಳೆಯುತ್ತೆ. ಸುತ್ತ ಬರೀ ಆವಿ, ಗಾಳಿ ಉಳಿದಾಗ ಅದು ಕಡಿಮೆ ತೋರಿಸಬಹುದು. ಎಂಜಿನ್ ಬೇಯ್ತಾ ಇರುತ್ತೆ, ಡ್ಯಾಶ್‌ಬೋರ್ಡ್ ನೆಮ್ಮದಿಯಾಗಿರುತ್ತೆ.

ರಿಪೇರಿಗೆ 1,850 ಪೌಂಡ್ ಅಂದ. ಸುಮಾರು 2 ಲಕ್ಷ ರೂಪಾಯಿ. ಪೈಪಿನ ಬೆಲೆ ಅದರಲ್ಲಿ ಚಿಕ್ಕ ಪಾಲು. ಸೂಪರ್‌ಚಾರ್ಜರ್ ಇಳಿಸಿ ಮತ್ತೆ ಏರಿಸೋ ಎರಡು ದಿನದ ಕೂಲಿನೇ ಜಾಸ್ತಿ.

ಆ ಹೊತ್ತಿಗೆ ಹೆಂಡತಿಗೆ ಏಳು ತಿಂಗಳು. ಎರಡು ಸೀಟಿನ ಕಾರು ಮಾರಿ, ಅದೇ ದುಡ್ಡಿನಲ್ಲಿ ಐದು ಸೀಟಿನದ್ದು ತಗೊಳ್ಳೋದು ಅಂತ ಅಷ್ಟರಲ್ಲೇ ತೀರ್ಮಾನ ಆಗಿತ್ತು. ಬಾಣಂತನಕ್ಕೆ ಅತ್ತೆ ಬರೋರಿದ್ರು. ವೀಸಾ, ಟಿಕೆಟ್ಟು, ತೊಟ್ಟಿಲು, ಎಲ್ಲಕ್ಕೂ ಲೆಕ್ಕ ಹಾಕಿಟ್ಟ ದುಡ್ಡು. ಮಾರೋ ಕಾರಿಗೆ 2 ಲಕ್ಷ ಸುರಿಯೋದಾ?

ಇಲ್ಲೇ ಇರೋ ಮೈಸೂರಿನ ಗೆಳೆಯ ಸಲೀಸಾಗಿ ಹೇಳಿದ: ‘ಲೋ, ಟಾಪ್ ಅಪ್ ಮಾಡು, ತೊಳೆಸು, ಫೋಟೋ ಹಾಕು. ತಗೊಳ್ಳೋನು ನೋಡ್ಕೊಂಡು ತಗೋತಾನೆ. ಪ್ರೆಷರ್ ಟೆಸ್ಟ್ ಪಾಸ್ ಅಂತ ಕೈಲಿ ಕಾಗದ ಬೇರೆ ಇದೆ.’ ಕಾನೂನಿನ ಲೆಕ್ಕದಲ್ಲಿ ಅವನು ಪೂರ್ತಿ ತಪ್ಪೂ ಅಲ್ಲ. ಇಲ್ಲಿ ಡೀಲರ್ ಮಾರಿದ ಕಾರಿನ ಗುಣಮಟ್ಟಕ್ಕೆ ಡೀಲರ್ ಹೊಣೆ. ಖಾಸಗಿಯಾಗಿ ಮಾರೋನಿಗೆ ಆ ಹೊಣೆ ಇಲ್ಲ. ವಿವರ ಸುಳ್ಳಾಗಿರಬಾರದು, ರಸ್ತೆಗಿಳಿಸೋಕೆ ಲಾಯಕ್ಕಿಲ್ಲದ ಗಾಡಿ ಮಾರಬಾರದು, ಅಷ್ಟೇ. ಯಾರೂ ಕೇಳದ ಪೈಪಿನ ವಿಚಾರ ನಾನಾಗಿ ಹೇಳಬೇಕು ಅಂತ ಯಾವ ನಿಯಮವೂ ಇಲ್ಲ.

ಹೆಂಡತಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, ‘ಮಾರೋದಾದ್ರೆ ಹೇಳಿ ಮಾರು. ಹೇಳೋಕೆ ಆಗಲ್ಲ ಅಂದ್ರೆ ರಿಪೇರಿ ಮಾಡ್ಸಿ ಮಾರು. ಮೂರನೇದು ಬೇಡ. ಎಂ4 ಮೋಟಾರ್‌ವೇ ಮೇಲೆ ಎಪ್ಪತ್ತು ಮೈಲಿ ಸ್ಪೀಡಲ್ಲಿ ಯಾರದ್ದೋ ಎಂಜಿನ್ ನಿಂತ್ರೆ, ಪಕ್ಕದ ಸೀಟಲ್ಲಿ ಯಾರಿರ್ತಾರೋ ಏನೋ’ ಅಂದಳು.

ಲೆಕ್ಕ ಹಾಕಿದೆ. ಹೇಳಿ ಮಾರಿದ್ರೆ, ತಗೊಳ್ಳೋನು 1,850 ಮಾತ್ರ ಕಳೆಯಲ್ಲ. ಹೆದರಿಕೆಗೂ ಒಂದು ಬೆಲೆ ಕಟ್ಟಿ ಮೂರು ಸಾವಿರ ಕಳೀತಾನೆ. ಹಾಗಾಗಿ ರಿಪೇರಿನೇ ವಾಸಿ. ಐದು ಸೀಟಿನ ಕಾರು ಎರಡು ವರ್ಷ ಹಳೇದು ಬಂದ್ರೂ ಪರವಾಗಿಲ್ಲ, ಅತ್ತೆಯ ಟಿಕೆಟ್ಟು ಮುಟ್ಟೋದು ಬೇಡ ಅಂತಾಯ್ತು.

ಕೆಲಸದ ಎರಡನೇ ದಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಿಚ್ಚಿದ ಪೈಪುಗಳನ್ನ ಬಟ್ಟೆ ಮೇಲೆ ಜೋಡಿಸಿಟ್ಟಿದ್ದ. ಮುಂದಿನದರ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದು ಗೊತ್ತಿದ್ದದ್ದೇ. ಹಿಂದಿನ ಪೈಪು ಒಂದು ಹನಿ ಸೋರಿರಲಿಲ್ಲ, ಹೊರಗಿಂದ ಹೊಸದರ ಹಾಗಿತ್ತು. ಅದರ ಬಾಯಿಯ ಅಂಚನ್ನ ಎರಡು ಬೆರಳಲ್ಲಿ ಒತ್ತು ಅಂದ. ಒತ್ತಿದೆ. ಹಪ್ಪಳದ ಹಾಗೆ ಲಟಕ್ ಅಂತ ಮುರೀತು. ಸೋರಿದ ಪೈಪಿಗಿಂತ ಸೋರದ ಪೈಪೇ ಹೆಚ್ಚು ಕೆಟ್ಟಿತ್ತು.

ಆ ಚೂರನ್ನ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸಿದೆ. ಅರಸೀಕೆರೆ ಹತ್ತಿರ ನಮ್ಮದು ತೆಂಗಿನ ತೋಟ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ‘ಬಿಸಿಲಲ್ಲಿ ಬಿದ್ದಿರೋ ಪಿವಿಸಿ ಪೈಪು ನೋಡಿಲ್ವೇನೋ ನೀನು? ನೋಡೋಕೆ ಗಟ್ಟಿ, ತುಳಿದ್ರೆ ಚೂರು. ಅದಕ್ಕೇ ಅಲ್ವಾ ನಾವು ಮಣ್ಣಲ್ಲಿ ಹೂಳೋದು. ಸೀಳಿದ ಕಡೆ ಮಾತ್ರ ಬದಲಾಯಿಸಿದ್ರೆ ಮುಂದಿನ ತಿಂಗಳು ಪಕ್ಕದ ತುಂಡು ಹೋಗತ್ತೆ. ಪೂರ್ತಿ ಲೈನೇ ಬದಲಾಯಿಸು.’ ಅಲ್ಲಿ ಕೆಡಿಸೋದು ಬಿಸಿಲು, ಇಲ್ಲಿ ಬಿಸಿ ನೀರು. ಬುದ್ಧಿವಾದ ಮಾತ್ರ ಎರಡಕ್ಕೂ ಒಂದೇ. ಮೆಕ್ಯಾನಿಕ್ ಕೂಡ ಮುಂದಿನದು, ಹಿಂದಿನದು, ನಡುವಿನ ಹೋಸು, ಓ ರಿಂಗು ಎಲ್ಲಾ ಒಟ್ಟಿಗೇ ಅಂದಿದ್ದ.

ಮತ್ತೆ ಪ್ಲಾಸ್ಟಿಕ್ ಹಾಕಿಸೋದಾ, ಹೊರಗಿನವರು ಮಾಡುವ ಅಲ್ಯೂಮಿನಿಯಂ ಪೈಪಾ? ಅಲ್ಯೂಮಿನಿಯಂ ಹಾಕಿಸಿದೆ. ಹಾಗಂತ ಅದೂ ಅಮರ ಅಲ್ಲ. ಕೂಲಂಟಿನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳು ಕಾಲ ಕಳೆದಂತೆ ಸವೆದು ಹೋಗ್ತವೆ. ಅವಧಿಗೆ ಸರಿಯಾಗಿ ಕೂಲಂಟ್ ಬದಲಾಯಿಸದಿದ್ರೆ ಲೋಹವನ್ನೂ ಅದು ತಿನ್ನುತ್ತೆ.

ಜಾಹೀರಾತಿನಲ್ಲಿ ಎಲ್ಲವನ್ನೂ ಬರೆದೆ. ಮುರಿದ ಪೈಪಿನ ಫೋಟೋ, ಬಿಲ್ಲು ಎರಡನ್ನೂ ಹಾಕಿದೆ. ಇಬ್ಬರು ಫೋಟೋ ನೋಡಿದ ಮೇಲೆ ಉತ್ತರ ಕೊಡೋದೇ ನಿಲ್ಲಿಸಿದ್ರು. ಮೂರನೆಯವರು ರಿಟೈರಾದ ದಂಪತಿ. ಗಂಡ ಕಾರಿನ ಬಣ್ಣ ನೋಡೋ ಮೊದಲು ಬಿಲ್ಲು ಕೇಳಿ, ಕನ್ನಡಕ ಹಾಕಿಕೊಂಡು ಸಾಲು ಸಾಲು ಓದಿದ್ರು. ಹೇಳಿದ ಬೆಲೆಗೆ 300 ಪೌಂಡ್ ಕಮ್ಮಿ ಕೊಟ್ಟು ತಗೊಂಡು ಹೋದ್ರು. ಅವರ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಕೈ ಬೀಸಿದ್ರು.

ಬೆಂಗಳೂರಿನಲ್ಲಿ ಕೂತು ಓದ್ತಿರೋರಿಗೆ ಇದು ದೂರದ ಮಾತು ಅನಿಸಬಹುದು. ನಿಮ್ಮ ಪುಟ್ಟ ಟರ್ಬೋ ಪೆಟ್ರೋಲ್ ಕಾರಿನ ಬಾನೆಟ್ ತೆಗೆದು ನೋಡಿ. ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರಿನ ಎರಡು ಬದಿಯ ತೊಟ್ಟಿ, ಕೂಲಂಟ್ ಬಾಟಲಿ, ಬಹಳಷ್ಟು ಪ್ಲಾಸ್ಟಿಕ್ಕೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಂದಿನಿಂದ ಗಾಳಿಯೂ ಬರಲ್ಲ. ತಿಂಗಳಿಗೊಮ್ಮೆ, ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದಲು ಲೆವೆಲ್ ನೋಡಿ. ಬಿಸಿ ಇರುವಾಗ ಮುಚ್ಚಳ ಯಾವ ಕಾರಣಕ್ಕೂ ತೆಗೀಬೇಡಿ, ಮುಖಕ್ಕೇ ಚಿಮ್ಮುತ್ತೆ. ಇಳಿದಿದ್ರೆ ಬೋರ್‌ವೆಲ್ ನೀರು ಸುರಿಯಬೇಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಕೂಲಂಟೇ ಹಾಕಿ. ಟಾಪ್ ಅಪ್ ಮಾಡಿದ ತಾರೀಖು ಫೋನಿನಲ್ಲಿ ಬರೆದಿಡಿ. ಎರಡು ತಿಂಗಳಲ್ಲಿ ಎರಡನೇ ಸಲ ಬರೆಯಬೇಕಾಗಿ ಬಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ, ನೆಲ ಎಷ್ಟೇ ಒಣಗಿದ್ರೂ. ಹತ್ತು ವರ್ಷದ ಕಾರು ತಗೊಳ್ಳೋ ಆಸೆ ಇದ್ರೆ, ಎಷ್ಟು ಓಡಿದೆ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಕೂಲಂಟ್ ಪೈಪು ಯಾವಾಗ ಬದಲಾಯಿಸಿದ್ರಿ, ಬಿಲ್ ಇದೆಯಾ?