ಕರು ಹಾಕಿದ ದನ ಎರಡು ತಿಂಗಳ ಮೇಲೆ ಯಾಕೆ ಕುಂಟುತ್ತದೆ?

"ಕರು ಹಾಕಿ ಎರಡು ತಿಂಗಳಾಯಿತು, ಈಗ ಕುಂಟುತ್ತಿದೆ. ತೋಟದಲ್ಲಿ ಕಲ್ಲು ತಾಗಿರಬೇಕು." ಪುತ್ತೂರು, ಸುಳ್ಯ, ಕಡಬದ ಕಡೆ ಸುದ್ದಿಗೆಂದು ತಿರುಗುವಾಗ ನಾವು ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ನಮ್ಮ ಹಟ್ಟಿಯ ಜೆರ್ಸಿ ಮಿಶ್ರತಳಿ ದನವೂ ಹೀಗೇ ಕುಂಟಿತು. ಡಾಕ್ಟ್ರು ಗೊರಸು ಕೆತ್ತಿ ನೋಡಿದರು. ಹಿಂಗಾಲಿನ ಹೊರಗಿನ ಗೊರಸಿನ ಅಡಿಯಲ್ಲಿ ಹುಣ್ಣಿತ್ತು, ಕಲ್ಲು ಇರಲಿಲ್ಲ.

ಕರು ಹಾಕುವ ಹೊತ್ತಿಗೆ ದನದ ಸೊಂಟದ ಕಟ್ಟು ಸಡಿಲವಾಗುವುದನ್ನು ಎಲ್ಲರೂ ನೋಡಿದ್ದೇವೆ. ಆಗಲೇ ಗೊರಸಿನೊಳಗೆ ಎಲುಬನ್ನು ಹಿಡಿದಿಡುವ ಕಟ್ಟೂ ಸಡಿಲಾಗುತ್ತದೆ. ಎಲುಬು ಸ್ವಲ್ಪ ಕೆಳಗಿಳಿದು ಒಳಗಿನ ಮೃದು ಭಾಗವನ್ನು ಒತ್ತುತ್ತದೆ. ಹಾಲು ಕೊಡುತ್ತಾ ದನ ಸೊರಗಿದರೆ ಅಂಗಾಲಿನ ಕೊಬ್ಬಿನ ಮೆತ್ತೆಯೂ ತೆಳುವಾಗುತ್ತದೆ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿ.ಮೀ. ಮಾತ್ರ. ಹಾಗಾಗಿ ಅಂದಿನ ಪೆಟ್ಟು ಹೊರಗೆ ಕಾಣಲು ಎರಡು ತಿಂಗಳಾದರೂ ಬೇಕು.

ಹಿಂದೆ ನಮ್ಮ ಹಟ್ಟಿಗಳಲ್ಲಿ ಸೊಪ್ಪು, ತರಗೆಲೆ ಹಾಸುತ್ತಿದ್ದರು. ಅಡಿಕೆ ತೋಟಕ್ಕೆ ಗೊಬ್ಬರವಾಯಿತು, ದನಕ್ಕೆ ಹಾಸಿಗೆಯೂ ಆಯಿತು. ಕಟ್ಟುತ್ತಿದ್ದುದೂ ಹಗುರ ಮೈಯ ಮಲೆನಾಡು ಗಿಡ್ಡ. ಈಗ ಭಾರದ ದನ, ತೊಳೆಯಲು ಸುಲಭವಾದ ಸಿಮೆಂಟ್ ನೆಲ. ಮಳೆಗಾಲದಲ್ಲಿ ಸೆಗಣಿ ನೀರಲ್ಲಿ ನಿಂತು ಗೊರಸು ಮೆತ್ತಗಾಗುತ್ತದೆ. ಕರು ಹಾಕಿದ ಮರುದಿನವೇ ಹಿಂಡಿ ದುಪ್ಪಟ್ಟು ಮಾಡಿದರೆ ಹೊಟ್ಟೆ ಹುಳಿಯಾಗಿ ಗೊರಸಿಗೆ ಮತ್ತೊಂದು ಪೆಟ್ಟು.

ಕರು ಹಾಕಿ ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ, ತಡವರಿಸಿ ಬಿದ್ದರೆ ಅದು ಬೇರೆ ಸಂಗತಿ: ಕ್ಯಾಲ್ಸಿಯಂ ಕೊರತೆ. ದೊಡ್ಡ ಕರುವನ್ನು ಎಳೆದು ತೆಗೆದ ಮೇಲೆ ಹಿಂಗಾಲು ಅಗಲಕ್ಕೆ ಜಾರಿದರೆ ನರಕ್ಕೆ ಪೆಟ್ಟಾಗಿರಬಹುದು. ಎರಡಕ್ಕೂ ಕಾಯಬಾರದು. ಡಾಕ್ಟ್ರನ್ನು ಕರೆಯಿರಿ, ಅಥವಾ 1962ಕ್ಕೆ ಫೋನ್ ಮಾಡಿ.

ಕುಂಟುವ ದನ ಮೇವಿಗೆ ನಿಲ್ಲುವುದಿಲ್ಲ, ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಕೊನೆಗೆ ಮನೆಯಲ್ಲಿ ಮಾರುವ ಮಾತು ಬರುತ್ತದೆ. ಸೊಸೈಟಿಯ ಹಾಲಿನ ದುಡ್ಡಿನಲ್ಲೇ ಸಂಸಾರ ತೂಗಿಸುವವರಿಗೆ ಅದು ಸಣ್ಣ ಮಾತಲ್ಲ.

ನಮ್ಮ ಮನೆಯಲ್ಲಿ ಈಗ ಕರು ಹಾಕುವ ಎರಡು ಮೂರು ವಾರ ಮೊದಲಿಂದ, ಹಾಕಿದ ಮೇಲೂ ಎರಡು ತಿಂಗಳು, ರಬ್ಬರ್ ಮ್ಯಾಟಿನ ಮೇಲೆ ದಪ್ಪಗೆ ಒಣ ತರಗೆಲೆ ಹಾಸುತ್ತೇವೆ. ಹಿಂಡಿಯನ್ನು ದಿನಕ್ಕಿಷ್ಟೇ ಎಂದು ನಿಧಾನವಾಗಿ ಏರಿಸುತ್ತೇವೆ. ಬೆಳೆದ ಗೊರಸನ್ನು ಹಾಲು ಬತ್ತಿಸುವಾಗಲೇ ಕೆತ್ತಿಸುತ್ತೇವೆ. ದನ ಎಷ್ಟು ಹೊತ್ತು ಮಲಗುತ್ತದೆ ನೋಡಿ. ಮಲಗಿದಷ್ಟು ಹೊತ್ತು ಗೊರಸಿನ ಮೇಲೆ ಭಾರ ಇರುವುದಿಲ್ಲ.