ನಮ್ಮ ಹಳಿ ಪಕ್ಕದ ಹುಲ್ಲು

ಯಲಹಂಕ ಜಂಕ್ಷನ್ ಪ್ಲಾಟ್‌ಫಾರಂ ತುದೀಲಿ ನಿಂತು ಹಳಿ ಪಕ್ಕದ ಹುಲ್ಲನ್ನೇ ನೋಡ್ತಾ ಇದ್ದೀನಿ. ಮಾಡೆಲ್ ರೈಲಿನ ಹಳಿ ಪಕ್ಕ ಅಂಟಿಸೋ ಕೃತಕ ಹುಲ್ಲಿನ, ಅಂದ್ರೆ ಸ್ಟ್ಯಾಟಿಕ್ ಗ್ರಾಸ್ ಪೊಟ್ಟಣಗಳಲ್ಲಿ ಹೆಚ್ಚಾಗಿ ಸಿಗೋದು ಯುರೋಪಿನ ಹುಲ್ಲುಗಾವಲಿನ ಹಸಿರು. ನಮ್ಮ ಕಡೆ ಮಾರ್ಚ್ ಹೊತ್ತಿಗೆ ಎಲ್ಲ ಒಣಗಿ ಹೊಂಬಣ್ಣ, ನಡುನಡುವೆ ಕೆಮ್ಮಣ್ಣು. ಎಷ್ಟು ಚೆಂದ ಗೊತ್ತಾ!

ಹೈವೋಲ್ಟೇಜ್ ಕೊಟ್ಟಾಗ ಆ ಪೊಟ್ಟಣದ ನೈಲಾನ್ ಎಳೆಗಳು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. 1:87 ಅಳತೆಯಲ್ಲಿ 4 ಮಿ.ಮೀ. ಎಳೆ ಅಂದ್ರೆ ಸುಮಾರು 35 ಸೆಂ.ಮೀ. ಹುಲ್ಲು, ಎತ್ತರ ಸರಿಯೇ ಇದೆ. ಅಂಟನ್ನು ಮಾತ್ರ ಪೂರ್ತಿ ಬಳಿಯಬಾರದು, ಅಲ್ಲಲ್ಲಿ ಮಣ್ಣು ಕಾಣ್ಬೇಕು. ಆಗಲೇ ಅದು ನಮ್ಮೂರು.

ಚಿಕ್ಕಬಳ್ಳಾಪುರ ಲೈನಲ್ಲಿ ಓಡಾಡೋರೇ, ನಂದಿ ಹಾಲ್ಟ್ ಹತ್ರ ಹುಲ್ಲು ಈಗ ಯಾವ ಬಣ್ಣಕ್ಕೆ ತಿರುಗಿದೆ? ಒಂದು ಫೋಟೋ ಹಾಕ್ತೀರಾ?